ಕನ್ನಡ ಇ-ಪುಸ್ತಕ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಪುಕ್ಕಟೆ ಓದಬಹುದು, ಯಾವುದಕ್ಕೆ ಅಚ್ಚಿನ ಪ್ರತಿಯೇ ವಾಸಿ

ಇ-ಪುಸ್ತಕ ಓದಬೇಕು ಅನ್ನಿಸಿದ ಕೂಡಲೇ ಬಹಳ ಮಂದಿ ಮೊದಲು ಮಾಡುವ ಕೆಲಸ ಅಮೆಜಾನಿನ ಇ-ಪುಸ್ತಕ ಓದುವ ಉಪಕರಣವಾದ ಕಿಂಡಲ್‌ಗೆ ಆರ್ಡರ್ ಹಾಕುವುದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಡಬ್ಬಿ ಬಿಚ್ಚಿ, ಚಾರ್ಜ್ ಮಾಡಿ, ಓದಬೇಕೆಂದಿದ್ದ ಕಾದಂಬರಿಯ ಹೆಸರು ಹಾಕಿ ಹುಡುಕಿದರೆ ಅದು ಅಲ್ಲಿ ಇರುವುದಿಲ್ಲ. ಕಾರಣ ಹಳೆಯದು. ಅಮೆಜಾನ್ 2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂದು ಐದನ್ನು ಆರಿಸಿಕೊಂಡಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಕನ್ನಡದ ಪ್ರಕಾಶಕರು ಬೇರೆ ದಾರಿ ಹಿಡಿದರು, ಪುಸ್ತಕಗಳು ನಾಲ್ಕೈದು ಕಡೆ ಹಂಚಿಹೋದವು. ಕನ್ನಡದಲ್ಲಿ ‘ಯಾವ ಅಂಗಡಿ ಅಗ್ಗ’ ಎಂದು ಕೇಳುವುದಕ್ಕಿಂತ ಮೊದಲು ‘ಈ ಪುಸ್ತಕ ಎಲ್ಲಿ ತೆರೆದುಕೊಳ್ಳುತ್ತದೆ’ ಎಂದು ಕೇಳಬೇಕಾಗಿರುವುದು ಇದಕ್ಕೇ.

ದುಡ್ಡು ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಪರೀಕ್ಷೆ ಇದು: ಮುಂದಿನ ಆರು ತಿಂಗಳಲ್ಲಿ ಓದಬೇಕೆಂದಿರುವ ಹತ್ತು ಪುಸ್ತಕಗಳ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ನಾಲ್ಕು ಗೆರೆ ಎಳೆಯಿರಿ: ಮೈಲ್ಯಾಂಗ್ ಆ್ಯಪ್, ಗೂಗಲ್ ಪ್ಲೇ ಬುಕ್ಸ್, ಕಿಂಡಲ್, ಪುಕ್ಕಟೆ ಸಿಗುವ ಕಡೆ. ಪ್ರತಿ ಹೆಸರನ್ನೂ ನಾಲ್ಕು ಕಡೆಯೂ ಹುಡುಕಿ, ಸಿಕ್ಕಿದರೆ ಬೆಲೆ ಬರೆಯಿರಿ, ಸಿಗದಿದ್ದರೆ ಅಡ್ಡಗೆರೆ. ಅರ್ಧ ಗಂಟೆಯ ಕೆಲಸ. ಯಾವ ಕಾಲಂ ತುಂಬಿತೋ ಅದೇ ನಿಮ್ಮ ಅಂಗಡಿ. ಯಾವುದೂ ತುಂಬದಿದ್ದರೆ ನಿಮ್ಮ ರುಚಿಗೆ ಇನ್ನೂ ಅಚ್ಚಿನ ಪುಸ್ತಕವೇ ದಾರಿ ಎಂದರ್ಥ. ಅದೂ ತಿಳಿದುಕೊಳ್ಳಬೇಕಾದ ವಿಷಯವೇ.

ಕಾಸು ಕೊಟ್ಟು ಕೊಳ್ಳುವ ಅಂಗಡಿಗಳು

ಹೊಸ ಕನ್ನಡ ಪುಸ್ತಕಗಳನ್ನೇ ಓದುವವರಿಗೆ ಮೊದಲ ನಿಲ್ದಾಣ ಮೈಲ್ಯಾಂಗ್. 2020ರಲ್ಲಿ ಶುರುವಾದ, ಕನ್ನಡವನ್ನೇ ಮುಖ್ಯವಾಗಿಟ್ಟುಕೊಂಡ ಆ್ಯಪ್. ಇ-ಪುಸ್ತಕದ ಜೊತೆಗೆ ಆಡಿಯೋ ಪುಸ್ತಕವೂ ಇದೆ. ಇಲ್ಲಿ ಕೊಂಡದ್ದು ಆ ಆ್ಯಪಿನೊಳಗೆ ಮಾತ್ರ ತೆರೆಯುತ್ತದೆ. ಫೈಲನ್ನು ಹೊರಗೆ ತೆಗೆದು ಕಿಂಡಲ್‌ಗೆ ಹಾಕಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಫೋನು, ಟ್ಯಾಬ್ಲೆಟ್ಟಿನಲ್ಲಿ ಓದುವವರಿಗೆ ಇದು ತೊಂದರೆಯೇ ಅಲ್ಲ, ಕಾಗದದಂತೆ ಕಾಣುವ ಇ-ಇಂಕ್ ಪರದೆ ಬೇಕು ಅನ್ನುವವರಿಗೆ ದೊಡ್ಡ ತೊಂದರೆ. ಆ ಮಾತು ಕೆಳಗೆ ಬರುತ್ತದೆ.

ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕಗಳು ಎಷ್ಟೋ ಜನ ಅಂದುಕೊಂಡಿರುವುದಕ್ಕಿಂತ ಹೆಚ್ಚಿವೆ. ಆದರೆ ಅಲ್ಲಿನ ಮುಖಪುಟ ಅವನ್ನು ತಾನಾಗಿ ತೋರಿಸುವುದಿಲ್ಲ, ಕನ್ನಡ ಲಿಪಿಯಲ್ಲೇ ಹುಡುಕಬೇಕು. ವಿವಿಡ್ಲಿಪಿಯಂಥ ಸಂಸ್ಥೆಗಳು ತಂದ ಪುಸ್ತಕಗಳೂ ಇಲ್ಲಿ ಸಿಗುತ್ತವೆ. ಈ ಆ್ಯಪಿನ ದೊಡ್ಡ ಅನುಕೂಲ ಬೇರೆಯೇ: ನಿಮ್ಮ ಬಳಿ ಇರುವ ಪಿಡಿಎಫ್ ಮತ್ತು ಇ-ಪುಸ್ತಕಕ್ಕೆಂದೇ ಇರುವ ಇಪಬ್ ಫೈಲುಗಳನ್ನು ನಿಮ್ಮದೇ ಖಾತೆಗೆ ಏರಿಸಬಹುದು. ಆಮೇಲೆ ಅವು ಫೋನು, ಟ್ಯಾಬ್, ಲ್ಯಾಪ್‌ಟಾಪ್ ಮೂರರಲ್ಲೂ ಓದಿ ನಿಲ್ಲಿಸಿದ ಪುಟದಲ್ಲೇ ತೆರೆಯುತ್ತವೆ. ಪುಕ್ಕಟೆ ಇಳಿಸಿಕೊಂಡ ಹಳೆಯ ಪುಸ್ತಕಗಳಿಗೆ ಇದಕ್ಕಿಂತ ಸಲೀಸಾದ ಕಪಾಟು ಇಲ್ಲ.

ಇಲ್ಲಿ ಕೊಳ್ಳುವ ಮುನ್ನ ಒಂದು ವಿವರ ನೋಡಲೇಬೇಕು. ಪುಸ್ತಕದ ಮಾಹಿತಿಯಲ್ಲಿ ‘ಫ್ಲೋಯಿಂಗ್ ಟೆಕ್ಸ್ಟ್’ ಎಂದಿದೆಯೋ ‘ಒರಿಜಿನಲ್ ಪೇಜಸ್’ ಎಂದಿದೆಯೋ? ಮೊದಲನೆಯದಾದರೆ ಅಕ್ಷರ ದೊಡ್ಡದು ಮಾಡಿದಾಗ ಸಾಲುಗಳು ತಾವಾಗಿ ಮುರಿದು ಹೊಂದಿಕೊಳ್ಳುತ್ತವೆ. ಎರಡನೆಯದೊಂದೇ ಇದ್ದರೆ ಅದು ಪುಟದ ಚಿತ್ರ, ಅಷ್ಟೇ. ಫೋನಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸುತ್ತಾ, ಎಡಕ್ಕೆ ಬಲಕ್ಕೆ ಎಳೆಯುತ್ತಾ ಇನ್ನೂರು ಪುಟ ಓದುವ ತಾಳ್ಮೆ ಯಾರಿಗೂ ಇಲ್ಲ. ಗೊತ್ತಿಲ್ಲದೆ ಕೊಂಡಿರಾ? ಗೂಗಲ್‌ನಲ್ಲಿ ಕೊಂಡ 7 ದಿನದೊಳಗೆ ಮರುಪಾವತಿ ಕೇಳಬಹುದು. ಹಾಗಾಗಿ ಕೊಂಡ ದಿನವೇ ತೆರೆದು ನೋಡಿ, ‘ರಜೆಯಲ್ಲಿ ಓದೋಣ’ ಎಂದು ಇಟ್ಟರೆ ಆ ಅವಕಾಶ ಹೋಗುತ್ತದೆ.

ಕಿಂಡಲ್ ಇಂಗ್ಲಿಷ್ ಓದುಗರಿಗೆ ಇವತ್ತಿಗೂ ಅಗ್ಗದ, ಅಚ್ಚುಕಟ್ಟಾದ ದಾರಿ. ಕನ್ನಡಕ್ಕೆ ಮಾತ್ರ ಕೊಟ್ಟ ಕಾಸಿಗೆ ತಕ್ಕ ಸಂಗ್ರಹ ಅಲ್ಲಿಲ್ಲ. ಇನ್ನೊಂದು ಬದಲಾವಣೆ ಗಮನಿಸಿ: ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ತಂತಿಯಲ್ಲಿ ವರ್ಗಾಯಿಸುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿ 26ಕ್ಕೆ ತೆಗೆದುಹಾಕಿತು. ಈಗ ವೈಫೈ ಮೂಲಕವೇ ಬರಬೇಕು. ನಿಮ್ಮದೇ ಫೈಲುಗಳನ್ನು ‘ಸೆಂಡ್ ಟು ಕಿಂಡಲ್’ ಮೂಲಕ ಕಳಿಸುವುದು ಹಾಗೇ ಇದೆ. ಅದು ಇಪಬ್ ಮತ್ತು ಪಿಡಿಎಫ್ ತೆಗೆದುಕೊಳ್ಳುತ್ತದೆ, ಹಳೆಯ ಮೋಬಿ ಫೈಲುಗಳನ್ನು ಈಗ ತೆಗೆದುಕೊಳ್ಳುವುದಿಲ್ಲ.

ಪ್ರತಿಲಿಪಿ ಮೇಲಿನವುಗಳ ಸಾಲಿಗೆ ಸೇರುವುದಿಲ್ಲ, ಅದರ ಜಾಡೇ ಬೇರೆ. ಅದು ಯಾರು ಬೇಕಾದರೂ ಬರೆದು ಹಾಕಬಹುದಾದ ಆ್ಯಪ್, ಅಲ್ಲಿ ಧಾರಾವಾಹಿಗಳದ್ದೇ ರಾಜ್ಯ. ಬಹಳಷ್ಟು ಉಚಿತ, ಕೆಲವಕ್ಕೆ ಚಂದಾ. ಸಂಪಾದಕರ ಕೈ ಆಡಿದ ಪುಸ್ತಕ ಬೇಕೆನ್ನುವವರಿಗೆ ಅಲ್ಲಿ ಕಾಳಿಗಿಂತ ಜೊಳ್ಳು ಹೆಚ್ಚು. ದಿನಕ್ಕೊಂದು ಕಂತು ಓದಿ ಮಲಗುವವರಿಗೆ ಅದೇ ಸರಿ.

ಬೆಲೆ ನೋಡುವಾಗ ಇದೊಂದು ನೆನಪಿರಲಿ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು ಶೇ. 18 ಇತ್ತು. 2018ರ ಜುಲೈನಲ್ಲಿ, ಅದೇ ಪುಸ್ತಕದ ಅಚ್ಚಿನ ಪ್ರತಿ ಇರುವ ಇ-ಪುಸ್ತಕಕ್ಕೆ ಮಾತ್ರ ಶೇ. 5ಕ್ಕೆ ಇಳಿಸಿದರು. ಹಾಗಾಗಿ ಕಾಗದ, ಅಚ್ಚು, ಸಾಗಣೆ ಯಾವುದೂ ಇಲ್ಲದಿದ್ದರೂ ಇ-ಪುಸ್ತಕದ ಬೆಲೆ ನಾವು ಅಂದುಕೊಂಡಷ್ಟು ಕೆಳಗೆ ಇಳಿಯುವುದಿಲ್ಲ. ಇನ್ನು ಆ್ಯಪಿನೊಳಗೆ ಕೊಳ್ಳುವುದಕ್ಕೂ ಅದೇ ಸಂಸ್ಥೆಯ ವೆಬ್‌ಸೈಟಿನಲ್ಲಿ ಕೊಳ್ಳುವುದಕ್ಕೂ ಬೆಲೆ ವ್ಯತ್ಯಾಸ ಇರಬಹುದು, ಮುಖ್ಯವಾಗಿ ಐಫೋನಿನಲ್ಲಿ. ಆ್ಯಪ್ ಸ್ಟೋರ್ ತನ್ನ ಪಾಲು ಹಿಡಿಯುವುದರಿಂದ ಕೆಲವರು ಆ ಹೊರೆಯನ್ನು ಓದುಗನ ಮೇಲೇ ಹಾಕುತ್ತಾರೆ. ಬ್ರೌಸರಿನಲ್ಲಿ ಒಮ್ಮೆ ಬೆಲೆ ನೋಡಿ ಆಮೇಲೆ ಕೊಳ್ಳಿ.

ಪುಕ್ಕಟೆ ಸಿಗುವ ಕಡೆಗಳು, ಅಲ್ಲಿನ ತಾಪತ್ರಯಗಳು

ಕಾಸು ಉಳಿಸುವ ಮಾತಿಗೆ ಬಂದರೆ ನಿಜವಾದ ಉಳಿತಾಯ ಇರುವುದು ಇಲ್ಲಿ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದ ಜನವರಿ 1ರಿಂದ. ಗಳಗನಾಥರು ತೀರಿಕೊಂಡದ್ದು 1942ರಲ್ಲಿ, ಬಿ.ಎಂ.ಶ್ರೀ ಮತ್ತು ಕೈಲಾಸಂ ಇಬ್ಬರೂ 1946ರಲ್ಲಿ. ಇವರ ಬರಹಗಳು ಎಂದೋ ಎಲ್ಲರದೂ ಆಗಿವೆ. ಗೋವಿಂದ ಪೈ ಮತ್ತು ತ್ರಿವೇಣಿ ಇಬ್ಬರೂ 1963ರಲ್ಲಿ ಹೋದವರು. ಅವರು ಬದುಕಿದ್ದಾಗ ಅಚ್ಚಾದ ಕೃತಿಗಳು 2024ರ ಜನವರಿ 1ರಿಂದ ಮುಕ್ತ. ಅದೇ ಡಿ.ವಿ.ಜಿ. 1975ರಲ್ಲಿ ತೀರಿಕೊಂಡದ್ದರಿಂದ 2036ರ ಹೊಸ ವರ್ಷದವರೆಗೆ ಕಾಯಬೇಕು. 1994ರಲ್ಲಿ ಹೋದ ಕುವೆಂಪು ಅವರಿಗೆ 2055. ಈ ಲೆಕ್ಕ ಬಾಯಿಪಾಠವಾದರೆ ಯಾವ ಪಿಡಿಎಫ್ ನ್ಯಾಯವಾದದ್ದು, ಯಾವುದು ಕದ್ದದ್ದು ಎಂದು ನಿಮಗೇ ತಿಳಿಯುತ್ತದೆ. ಅನುವಾದಗಳಲ್ಲಿ ಮಾತ್ರ ಎಡವಬೇಡಿ: ಮೂಲ ಲೇಖಕರು ತೀರಿಕೊಂಡು ನೂರು ವರ್ಷವಾಗಿದ್ದರೂ ಅನುವಾದಕರ ಹಕ್ಕು ಪ್ರತ್ಯೇಕವಾಗಿ ಇರುತ್ತದೆ.

ಎಲ್ಲಿ ಸಿಗುತ್ತವೆ? ದೊಡ್ಡ ಕಣಜ ಅಂದರೆ ಇಂಟರ್‌ನೆಟ್ ಆರ್ಕೈವ್. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳ ರಾಶಿಯೇ ಅಲ್ಲಿದೆ. ಹುಡುಕುವುದೇ ಕಷ್ಟ, ಏಕೆಂದರೆ ಹೆಸರುಗಳನ್ನು ಯಾರೋ ರೋಮನ್ ಲಿಪಿಯಲ್ಲಿ ಮನಸ್ಸಿಗೆ ಬಂದ ಹಾಗೆ ತುಂಬಿದ್ದಾರೆ. ದೀರ್ಘ, ಹ್ರಸ್ವ, ಶ, ಷ ಎಲ್ಲ ಅಯೋಮಯ. ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಮೂರು ನಾಲ್ಕು ಬಗೆಯ ಕಾಗುಣಿತದಲ್ಲಿ ಹುಡುಕಿ. ಪುಸ್ತಕದ ಹೆಸರಿಗಿಂತ ಲೇಖಕರ ಮನೆತನದ ಹೆಸರಿಗೆ ಬೇಗ ಸಿಗುವುದುಂಟು. ಈ ಗೋಜಲನ್ನು ಬಿಡಿಸಲೆಂದೇ ಸಂಚಯ ತಂಡ ‘ಪುಸ್ತಕ ಸಂಚಯ’ ಕಟ್ಟಿತು. ಇಂಥ ಭಂಡಾರಗಳಲ್ಲಿನ ಕನ್ನಡ ಪುಸ್ತಕಗಳನ್ನು ಕನ್ನಡದಲ್ಲೇ ಹುಡುಕಲು ಅದು ದಾರಿ. ಆರ್ಕೈವ್‌ನಲ್ಲಿ ಇದೆ ಅಂದ ಮಾತ್ರಕ್ಕೆ ಅದು ಮುಕ್ತವಾಗಿದೆ ಎಂದಲ್ಲ. ಮೇಲಿನ 60 ವರ್ಷದ ಲೆಕ್ಕ ಅಲ್ಲೂ ಹಾಕಿ.

ಕನ್ನಡ ವಿಕಿಸೋರ್ಸ್‌ನಲ್ಲಿ ಪುಸ್ತಕ ಕಡಿಮೆ, ಗುಣ ಹೆಚ್ಚು. ಅಲ್ಲಿರುವುದು ಜನ ಕೂತು ಟೈಪ್ ಮಾಡಿ, ತಿದ್ದಿದ ಯೂನಿಕೋಡ್ ಪಠ್ಯ, ಅಂದರೆ ಪುಟದ ಚಿತ್ರವಲ್ಲ, ಹುಡುಕಲು, ಗಾತ್ರ ಬದಲಿಸಲು ಬರುವ ಅಕ್ಷರ. ಇಪಬ್ ಆಗಿ ಇಳಿಸಿಕೊಂಡರೆ ಫೋನಿನಲ್ಲಿ ಸರಾಗ ಓದಬಹುದು. ರಾಜ್ಯ ಸರ್ಕಾರದ ‘ಕಣಜ’, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಎರಡೂ ಉಚಿತ. ನಿಘಂಟು, ಪಾರಿಭಾಷಿಕ ಕೋಶ, ವಿಚಾರ ಸಾಹಿತ್ಯ ಬೇಕಾದವರಿಗೆ ಅವು ಹೆಚ್ಚು ಉಪಯುಕ್ತ, ಕಾದಂಬರಿ ಹುಡುಕುವವರಿಗೆ ಅಷ್ಟಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ 2020ರಲ್ಲಿ ಬಂತು. ಹೆಸರು ನೋಂದಾಯಿಸಿದರೆ ಸಾಕು, ಹಣ ಕೊಡಬೇಕಿಲ್ಲ. ಮಕ್ಕಳ ಪುಸ್ತಕಕ್ಕಂತೂ ಬೆಂಗಳೂರಿನ ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ಇರುವಾಗ ಬೇರೆ ಕಡೆ ಹೋಗುವ ಅಗತ್ಯವೇ ಇಲ್ಲ. ಮುಕ್ತ ಪರವಾನಗಿಯ ಬಣ್ಣದ ಕತೆಪುಸ್ತಕಗಳು, ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದವು, ಇಳಿಸಿ ಅಚ್ಚು ಹಾಕಿಕೊಂಡರೂ ತಪ್ಪಿಲ್ಲ.

ಈಗ ತಾಪತ್ರಯ. ಸ್ಕ್ಯಾನ್ ಪ್ರತಿ ಎಂದರೆ ಫೋಟೊ, ಅಷ್ಟೇ. ಅಕ್ಷರದ ಗಾತ್ರ ಬದಲಾಗುವುದಿಲ್ಲ. ಕನ್ನಡದಲ್ಲಿ ಹೆಚ್ಚಿನ ಪುಸ್ತಕಗಳು ಡೆಮಿ 1/8 ಆಕಾರದವು, ಅಂದರೆ 5.5 ಇಂಚು ಅಗಲ, 8.5 ಇಂಚು ಎತ್ತರ. ಆರಿಂಚಿನ ಕಿಂಡಲ್ ಪರದೆಯ ಅಗಲ 3.6 ಇಂಚು. ಪುಟದ ಪೂರ್ತಿ ಅಗಲವನ್ನು ಅದರಲ್ಲಿ ಕೂರಿಸಿದರೆ ಎಲ್ಲವೂ ಶೇ. 65ಕ್ಕೆ ಕುಗ್ಗುತ್ತದೆ, 11 ಪಾಯಿಂಟಿನ ಅಕ್ಷರ ಏಳು ಪಾಯಿಂಟಾಗುತ್ತದೆ. ಇಂಗ್ಲಿಷಾದರೆ ಹೇಗೋ ಓದಬಹುದು. ಕನ್ನಡದಲ್ಲಿ ಒತ್ತಕ್ಷರಗಳು ಇರುವೆ ಸಾಲಾಗಿಬಿಡುತ್ತವೆ, ‘ತ್ತ’ ಯಾವುದು ‘ತ್ರ’ ಯಾವುದು ಗೊತ್ತಾಗುವುದಿಲ್ಲ. ಪರಿಹಾರ ಸುಲಭ: ಅಂಚು ಕತ್ತರಿಸಿ. ಪುಟದಲ್ಲಿ ಅಚ್ಚಾಗಿರುವ ಭಾಗದ ಅಗಲ ಸುಮಾರು 4.25 ಇಂಚು ಮಾತ್ರ. ಬಿಳಿ ಅಂಚು ತೆಗೆದರೆ ಅದೇ ಅಕ್ಷರ 9 ಪಾಯಿಂಟಿಗೆ ಏರುತ್ತದೆ. ಕಂಪ್ಯೂಟರಿನಲ್ಲಿ ಬ್ರಿಸ್ ಎಂಬ ಉಚಿತ ತಂತ್ರಾಂಶ ಎಲ್ಲ ಪುಟದ ಅಂಚನ್ನೂ ಒಂದೇ ಸಲಕ್ಕೆ ಕತ್ತರಿಸುತ್ತದೆ. ಎಡಪುಟ, ಬಲಪುಟಗಳ ಅಂಚು ಬೇರೆ ಬೇರೆ ಇರುವುದರಿಂದ ಎರಡಕ್ಕೂ ಪ್ರತ್ಯೇಕ ಚೌಕ ಎಳೆಯಿರಿ. ಮೇಲಿನ ಪುಟಸಂಖ್ಯೆಯನ್ನು ಚೌಕದಿಂದ ಹೊರಗಿಟ್ಟರೆ ಇನ್ನೂ ಸ್ವಲ್ಪ ಜಾಗ ಸಿಗುತ್ತದೆ.

ಫೋನಿನಲ್ಲಾದರೆ ಅಂಚು ಕತ್ತರಿಸಿದ ಪಿಡಿಎಫನ್ನು ಅಡ್ಡಲಾಗಿ ಹಿಡಿದು ಓದಿ. ಆರೂವರೆ ಇಂಚಿನ ಫೋನು ಅಡ್ಡ ಹಿಡಿದಾಗ ಐದೂವರೆ ಇಂಚಿನಷ್ಟು ಅಗಲ ಓದಲು ಸಿಗುತ್ತದೆ, ಅಕ್ಷರ ಅಚ್ಚಿಗಿಂತ ದಪ್ಪ ಕಾಣುತ್ತದೆ. ಒಂದು ಸಲಕ್ಕೆ ಪುಟದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಕಾಣುತ್ತದೆ, ಆದರೆ ಮೇಲಿನಿಂದ ಕೆಳಕ್ಕೆ ಮಾತ್ರ ಸರಿಸಿದರೆ ಸಾಕು, ಎಡಬಲ ಎಳೆದಾಟ ಇರುವುದಿಲ್ಲ. ಇಪ್ಪತ್ತು ಪುಟದಲ್ಲಿ ಕೈಗೆ ಒಗ್ಗಿಬಿಡುತ್ತದೆ.

ಪಿಡಿಎಫ್‌ನಿಂದ ಇಪಬ್ ಮಾಡಿಕೊಳ್ಳೋಣ ಎಂದು ಹೊರಟವರು ಎರಡು ಕಡೆ ಸಿಕ್ಕಿಬೀಳುತ್ತಾರೆ. ಹಳೆಯ ಟೈಪಿಂಗ್ ತಂತ್ರಾಂಶಗಳಾದ ನುಡಿ, ಶ್ರೀಲಿಪಿ ಕಾಲದಲ್ಲಿ ಡಿಟಿಪಿ ಆದ ಪುಸ್ತಕದ ಪಿಡಿಎಫ್ ಕಣ್ಣಿಗೆ ಕನ್ನಡವೇ, ಒಳಗೆ ಇರುವುದು ರೋಮನ್ ಸಂಕೇತಗಳು. ಕ್ಯಾಲಿಬರ್ ಎಂಬ ತಂತ್ರಾಂಶದಲ್ಲಿ ಹಾಕಿ ಪರಿವರ್ತಿಸಿದರೆ ಇಡೀ ಪುಸ್ತಕ ಅರ್ಥವಾಗದ ಗೀಚಾಗಿ ಹೊರಬರುತ್ತದೆ. ಪಿಡಿಎಫ್ ಒಳಗೆ ಒಂದು ಕನ್ನಡ ಪದ ಹುಡುಕಿ ನೋಡಿ. ಕಣ್ಣೆದುರೇ ಇರುವ ಪದ ಹುಡುಕಾಟಕ್ಕೆ ಸಿಗದಿದ್ದರೆ ಅದು ಈ ಜಾತಿಯದು, ಇಲ್ಲವೇ ಬರೀ ಸ್ಕ್ಯಾನು. ಆಸ್ಕಿ ಎನ್ನುವ ಈ ಹಳೆಯ ಸಂಕೇತದಿಂದ ಯೂನಿಕೋಡಿಗೆ ತರುವ ಪರಿವರ್ತಕಗಳಿವೆ, ಅರ್ಕಾವೊತ್ತು ಇರುವ ಕಡೆ ಮಾತ್ರ ಕಣ್ಣಿಟ್ಟು ತಿದ್ದಬೇಕು. ಹಳೆಯ ಸಂಕೇತದಲ್ಲಿ ಅರ್ಕ ಅಕ್ಷರವಾದ ಮೇಲೆ ಕೂತಿರುತ್ತದೆ, ಯೂನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲು.

ಬರೀ ಸ್ಕ್ಯಾನಾದರೆ ಓಸಿಆರ್ ಮಾಡಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರಿನಿಂದ ಓದಿಸಬೇಕು. ಗೂಗಲ್ ಡ್ರೈವ್‌ಗೆ ಏರಿಸಿ, ಫೈಲಿನ ಮೇಲೆ ಒತ್ತಿ ‘ಗೂಗಲ್ ಡಾಕ್ಸ್‌ನಲ್ಲಿ ತೆರೆ’ ಅಂದರೆ ಕನ್ನಡ ಪಠ್ಯ ಬರುತ್ತದೆ. ಇಡೀ ಪುಸ್ತಕ ಒಟ್ಟಿಗೆ ಹಾಕಿದರೆ ಅರ್ಧದಲ್ಲೇ ನಿಲ್ಲುತ್ತದೆ, ಹತ್ತು ಹದಿನೈದು ಪುಟಗಳ ತುಂಡು ಮಾಡಿ ಹಾಕಿ. ಪ ಮತ್ತು ವ, ಮ ಮತ್ತು ವು, ಥ ಮತ್ತು ಧ ಅದಲುಬದಲಾಗುವುದು ಮಾಮೂಲು. ಇಪ್ಪತ್ತು ಪುಟದ ಕತೆಗಾದರೆ ಈ ಕಷ್ಟಕ್ಕೆ ಬೆಲೆಯುಂಟು. ಮುನ್ನೂರು ಪುಟದ ಕಾದಂಬರಿಗೆ ಅಂಚು ಕತ್ತರಿಸಿ ಓದುವುದೇ ಜಾಣತನ.

ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವ ಹೊಸ ಕಾದಂಬರಿಗಳ ಪಿಡಿಎಫ್ ಈ ಲೆಕ್ಕಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಒಂದು ಮುದ್ರಣ ಅಂದರೆ ಸಾಮಾನ್ಯವಾಗಿ ಸಾವಿರ ಪ್ರತಿ. ಅದರಲ್ಲಿ ನೂರು ಜನ ಹಾಗೆ ಓದಿಕೊಂಡರೆ ಪ್ರಕಾಶಕರಿಗೆ ಅದು ಸಣ್ಣ ನಷ್ಟವಲ್ಲ.

ಉಪಕರಣ: ಉಳಿತಾಯಕ್ಕಲ್ಲ, ಕಣ್ಣಿಗಾಗಿ

ಇ-ರೀಡರ್ ಕೊಂಡರೆ ಹಣ ಉಳಿಯುತ್ತದೆ ಎಂಬ ಮಾತನ್ನು ಒಂದು ಸಲ ಲೆಕ್ಕ ಹಾಕಿ ನೋಡಿ. ಉಪಕರಣಕ್ಕೆ 15,000 ರೂ. ಎಂದಿಟ್ಟುಕೊಳ್ಳಿ. ಅಚ್ಚಿನ ಪುಸ್ತಕ 200 ರೂ., ಅದರ ಇ-ಪ್ರತಿ 120 ರೂ. ಇದ್ದರೆ ಪುಸ್ತಕಕ್ಕೆ 80 ರೂ. ಉಳಿತಾಯ. ಹಾಕಿದ ದುಡ್ಡು ಹುಟ್ಟಬೇಕಾದರೆ 188 ಪುಸ್ತಕ ಕೊಳ್ಳಬೇಕು. ವರ್ಷಕ್ಕೆ ಹತ್ತು ಪುಸ್ತಕ ಓದುವವರಿಗೆ ಅದು ಹತ್ತೊಂಬತ್ತು ವರ್ಷದ ಮಾತು. ಅಷ್ಟು ಹೊತ್ತಿಗೆ ಅದರ ಬ್ಯಾಟರಿ ಎಂದೋ ಸತ್ತಿರುತ್ತದೆ. ಇ-ಇಂಕ್ ಪರದೆ ಕೊಳ್ಳುವುದಕ್ಕೆ ಸರಿಯಾದ ಕಾರಣ ಬೇರೆ: ಫೋನಿನ ಬೆಳಕಿಗೆ ಕಣ್ಣು ಉರಿಯುವುದು, ಬಿಸಿಲಲ್ಲಿ ಕೂತು ಓದುವ ಆಸೆ, ಓದುವಾಗ ವಾಟ್ಸಾಪ್ ಬಡಿದುಕೊಳ್ಳದಿರಲಿ ಎಂಬುದು. ಅವು ನಿಮ್ಮ ಕಾರಣಗಳಾದರೆ ಕೊಳ್ಳಿ.

ಯಾವುದನ್ನು? ಓದುವುದರಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್ ಆದರೆ ಕಿಂಡಲ್. ಹಗುರ, ವಾರಗಟ್ಟಲೆ ಬರುವ ಬ್ಯಾಟರಿ. ಮುಕ್ಕಾಲು ಪಾಲು ಕನ್ನಡವಾದರೆ ಆಂಡ್ರಾಯ್ಡ್ ಇರುವ ಇ-ಇಂಕ್ ಉಪಕರಣ, ಉದಾಹರಣೆಗೆ ಓನಿಕ್ಸ್ ಬೂಕ್ಸ್. ಕಿಂಡಲ್‌ನಲ್ಲಿ ಬೇರೆ ಆ್ಯಪ್ ಹಾಕಲು ಬರುವುದಿಲ್ಲ, ಇದರಲ್ಲಿ ಪ್ಲೇ ಸ್ಟೋರಿನ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದು, ಕನ್ನಡದ ಆ್ಯಪ್‌ಗಳೂ ಬರುತ್ತವೆ. ಬೆಲೆ ಹೆಚ್ಚು, ಬ್ಯಾಟರಿ ಬೇಗ ಇಳಿಯುತ್ತದೆ. ಪುಟ ಸರಿಯುವಾಗ ಹಿಂದಿನ ಪುಟದ ಅಕ್ಷರ ನೆರಳಿನಂತೆ ಉಳಿಯುತ್ತದೆ, ಏಕೆಂದರೆ ಆ ಆ್ಯಪ್‌ಗಳನ್ನು ಬರೆದಿರುವುದು ಫೋನಿನ ಪರದೆಗೆ. ಪುಟ ಮಗುಚುವ ಅನಿಮೇಷನ್ ನಿಲ್ಲಿಸಿ, ಉಪಕರಣದ ರಿಫ್ರೆಶ್ ಆಯ್ಕೆಯನ್ನು ಆ ಆ್ಯಪಿಗೆ ಮಾತ್ರ ಬದಲಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಎರಡೂ ಬೇಡ, ಸ್ಕ್ಯಾನ್ ಪುಸ್ತಕಗಳೇ ಹೆಚ್ಚು ಅನ್ನುವವರಿಗೆ ಮನೆಯಲ್ಲಿ ಮೂಲೆಗೆ ಬಿದ್ದಿರುವ ಹತ್ತಿಂಚಿನ ಟ್ಯಾಬ್ಲೆಟ್ಟೇ ಎಲ್ಲಕ್ಕಿಂತ ವಾಸಿ. ಡೆಮಿ ಪುಟ ಅದರಲ್ಲಿ ಹೆಚ್ಚು ಕಡಿಮೆ ಇದ್ದ ಗಾತ್ರದಲ್ಲೇ ಕೂರುತ್ತದೆ.

ಯಾವ ಉಪಕರಣ, ಯಾವ ಆ್ಯಪ್ ಆದರೂ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಗೂಗಲ್ ಡಾಕ್ಸ್‌ನಲ್ಲಿ ಈ ಪದಗಳನ್ನು ಟೈಪ್ ಮಾಡಿ: ಸ್ತ್ರೀ, ಲಕ್ಷ್ಮಿ, ಸೂರ್ಯಾಸ್ತ, ತತ್ತ್ವಜ್ಞಾನ, ರ‍್ಯಾಂಕ್, ಕೈತೋಟ. ಫೈಲ್ ಮೆನುವಿನ ಡೌನ್‌ಲೋಡ್‌ಗೆ ಹೋಗಿ ಇಪಬ್ ಆಗಿ ಇಳಿಸಿ, ನಿಮ್ಮ ಉಪಕರಣಕ್ಕೆ ಕಳಿಸಿ ತೆರೆಯಿರಿ. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತಿದ್ದರೆ, ‘ಸೂರ್ಯ’ದ ಅರ್ಕ ತಪ್ಪು ಜಾಗದಲ್ಲಿದ್ದರೆ, ಚೌಕದ ಡಬ್ಬಿಗಳು ಕಂಡರೆ ಅಲ್ಲಿ ಕನ್ನಡ ಓದುವ ಆಸೆ ಬಿಡಬೇಕು, ಇಲ್ಲವೇ ಫಾಂಟ್ ಬದಲಿಸಬೇಕು. ಕಿಂಡಲ್ ಆದರೆ ಕಂಪ್ಯೂಟರಿಗೆ ಜೋಡಿಸಿ ಅದರ ಫಾಂಟ್ಸ್ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡವನ್ನು ನಕಲು ಮಾಡಿ, ಪುಸ್ತಕದ ಅಕ್ಷರ ಆಯ್ಕೆಯಲ್ಲಿ ಅದನ್ನೇ ಆರಿಸಿ. ಡಬ್ಬಿಗಳು ಹೋಗುತ್ತವೆ. ಒತ್ತಕ್ಷರ ಆಗಲೂ ಮುರಿದೇ ಕಂಡರೆ ತೊಂದರೆ ಫಾಂಟಿನದಲ್ಲ, ಅಕ್ಷರ ಜೋಡಿಸುವ ತಂತ್ರಾಂಶದ್ದು.

ಫೋನಿನಲ್ಲಿ ಓದುವವರು ಎರಡು ಸೆಟ್ಟಿಂಗ್ ಬದಲಿಸಿಕೊಳ್ಳಲಿ. ಕನ್ನಡದ ಪದಗಳು ಉದ್ದ, ಒಂದು ಸಾಲಿಗೆ ಮೂರು ನಾಲ್ಕೇ ಹಿಡಿಸುತ್ತವೆ. ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬೀಳುತ್ತದೆ. ಎಡಕ್ಕೆ ಮಾತ್ರ ಜೋಡಿಸಿ. ಸಾಲುಗಳ ಅಂತರ ಒಂದೂವರೆ ಇಡಿ, ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುವುದಿಲ್ಲ.

ಚಂದಾ ಕಟ್ಟಬೇಕೆ?

ಕಿಂಡಲ್ ಅನ್‌ಲಿಮಿಟೆಡ್ ಭಾರತಕ್ಕೆ ಬಂದದ್ದು 2015ರಲ್ಲಿ. ಒಂದು ಸಲಕ್ಕೆ 20 ಪುಸ್ತಕ ಇಟ್ಟುಕೊಳ್ಳಬಹುದು, ಚಂದಾ ನಿಂತ ದಿನ ಎಲ್ಲವೂ ವಾಪಸ್. ಕೊಳ್ಳುವ ಮುನ್ನ ಆ ಹತ್ತರ ಪಟ್ಟಿಯನ್ನೇ ಹಿಡಿದು ನೋಡಿ: ಅದರಲ್ಲಿ ಎಷ್ಟಕ್ಕೆ ಅನ್‌ಲಿಮಿಟೆಡ್ ಗುರುತು ಇದೆ? ದೊಡ್ಡ ಪ್ರಕಾಶಕರ ಹೆಸರುವಾಸಿ ಪುಸ್ತಕಗಳು ಹೆಚ್ಚಾಗಿ ಅದರಲ್ಲಿ ಇರುವುದಿಲ್ಲ. ಕನ್ನಡಕ್ಕೆಂದು ಇದನ್ನು ಕಟ್ಟುವುದು ದಂಡ. ಇಂಗ್ಲಿಷ್ ಪತ್ತೇದಾರಿ, ಪ್ರೇಮಕತೆಗಳನ್ನು ವಾರಕ್ಕೆ ಎರಡರಂತೆ ಮುಗಿಸುವವರಿಗೆ ಮಾತ್ರ ಲಾಭ. ಯಾವ ಚಂದಾ ಆದರೂ ವರ್ಷದ್ದು ಕಟ್ಟಬೇಡಿ. ರಜೆ ಇರುವ ಒಂದು ತಿಂಗಳಿಗೆ ಕಟ್ಟಿ, ಕಟ್ಟಿದ ದಿನವೇ ಸ್ವಯಂ ನವೀಕರಣ ನಿಲ್ಲಿಸಿ. ತಿಂಗಳು ಮುಗಿಯುವವರೆಗೆ ಓದಲು ಅಡ್ಡಿಯಿಲ್ಲ.

ಹೊಸ ಪುಸ್ತಕ ಹುಡುಕುವುದು

ಆ್ಯಪಿನ ಶಿಫಾರಸನ್ನು ನಂಬಿದರೆ ಕಂಡ ಹತ್ತು ಹೆಸರೇ ಮತ್ತೆ ಮತ್ತೆ ಕಾಣುತ್ತವೆ. ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಪ್ರಕಾಶಕರ ಬೆನ್ನು ಹತ್ತುವುದು. ನಮ್ಮಲ್ಲಿ ಪ್ರಕಾಶನ ಅಂದರೆ ಬಹುತೇಕ ಒಬ್ಬಿಬ್ಬರ ಅಭಿರುಚಿ. ನಿಮಗೆ ಹಿಡಿಸಿದ ಪುಸ್ತಕದ ಮೊದಲ ಪುಟದಲ್ಲಿ ಯಾರ ಹೆಸರಿದೆ ನೋಡಿ, ಅವರ ಉಳಿದ ಪಟ್ಟಿ ತೆಗೆಯಿರಿ. ಹೊಸಬರ ಕತೆ ಬೇಕಾದರೆ ಛಂದ ಪುಸ್ತಕ, ಮೊದಲ ಕಥಾಸಂಕಲನಗಳಿಗೆಂದೇ ಸ್ಪರ್ಧೆ ನಡೆಸಿದವರು. ರಂಗಭೂಮಿ, ವಿಚಾರ ಬೇಕಾದರೆ ಹೆಗ್ಗೋಡಿನ ಅಕ್ಷರ ಪ್ರಕಾಶನ. 1933ರಿಂದ ನಡೆದುಬಂದಿರುವ ಧಾರವಾಡದ ಮನೋಹರ ಗ್ರಂಥಮಾಲೆಯ ಪಟ್ಟಿ ಓದಿದರೆ ಹೆಚ್ಚು ಕಡಿಮೆ ಒಂದು ಶತಮಾನದ ಕನ್ನಡ ಸಾಹಿತ್ಯದ ನಕ್ಷೆಯೇ ಸಿಗುತ್ತದೆ. ಹೊಸದಾಗಿ ಏನು ಬಂತು, ಎಷ್ಟು ಪುಟ, ಯಾವ ಪ್ರಕಾಶನ ಎಂಬ ಮಾಹಿತಿಗೆ ಬುಕ್ ಬ್ರಹ್ಮ ಜಾಲತಾಣ ಇದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ವಾರ್ಷಿಕ ಬಹುಮಾನಗಳ ಪಟ್ಟಿಯನ್ನು ಹಿಂದಿನ ಐದು ವರ್ಷದ್ದು ತೆಗೆದಿಟ್ಟುಕೊಳ್ಳಿ. ಕತೆ, ಪ್ರವಾಸ, ವಿಜ್ಞಾನ, ಮಕ್ಕಳ ಸಾಹಿತ್ಯ ಎಂದು ವಿಂಗಡಿಸಿರುವುದರಿಂದ, ಸಾಮಾನ್ಯವಾಗಿ ನಾವು ಕೈಹಾಕದ ಪ್ರಕಾರದಲ್ಲೂ ಎರಡು ಹೆಸರು ಸಿಗುತ್ತವೆ.

ಕೊಳ್ಳುವ ಮುನ್ನ ಉಚಿತ ಮಾದರಿ ಓದುವ ಅಭ್ಯಾಸವೇ ದೊಡ್ಡ ಉಳಿತಾಯ. ಕನ್ನಡದಲ್ಲಿ ಇಲ್ಲೊಂದು ತಮಾಷೆ ಇದೆ. ಮಾದರಿ ಅಂದರೆ ಪುಸ್ತಕದ ಮೊದಲ ಕೆಲವು ಪುಟ. ನಮ್ಮ ಪುಸ್ತಕಗಳಲ್ಲಿ ಮೊದಲು ಅರಿಕೆ, ಆಮೇಲೆ ಹಿರಿಯರ ಮುನ್ನುಡಿ, ಆಮೇಲೆ ಪ್ರಕಾಶಕರ ಮಾತು, ಕೃತಜ್ಞತೆ. ಮಾದರಿ ಮುಗಿದರೂ ಕತೆ ಶುರುವಾಗಿರುವುದಿಲ್ಲ. ಹಾಗಾದಾಗ ಅದೇ ಲೇಖಕರ ಇನ್ನೊಂದು ಪುಸ್ತಕದ ಮಾದರಿ ತೆಗೆಯಿರಿ, ಇಲ್ಲವೇ ಪತ್ರಿಕೆಗಳ ಭಾನುವಾರದ ಪುರವಣಿ, ವಿಶೇಷಾಂಕಗಳಲ್ಲಿ ಬಂದ ಅವರ ಬಿಡಿ ಕತೆ ಅಂತರ್ಜಾಲದಲ್ಲಿದೆಯೇ ನೋಡಿ. ಮುನ್ನುಡಿಯನ್ನು ನಂಬಿ ಕೊಳ್ಳಬೇಡಿ. ಮುನ್ನುಡಿಯಲ್ಲಿ ಬೈದವರನ್ನು ಕಂಡವರಿಲ್ಲ.

ಅಚ್ಚಿನ ಪ್ರತಿಯೇ ಗೆಲ್ಲುವುದು ಎಲ್ಲಿ

ಮನೆಯಲ್ಲಿ ನಾಲ್ಕು ಜನ ಓದುವವರಿದ್ದರೆ, ಪಕ್ಕದ ಮನೆಯವರಿಗೆ ಕೊಟ್ಟು ತರುವ ರೂಢಿಯಿದ್ದರೆ 200 ರೂ. ಪುಸ್ತಕ ತಲೆಗೆ 40 ರೂ. ಬೀಳುತ್ತದೆ. ಇ-ಪುಸ್ತಕವನ್ನು ಎರವಲು ಕೊಡಲು, ಹಳೆಯದೆಂದು ಅವೆನ್ಯೂ ರಸ್ತೆಯಲ್ಲಿ ಮಾರಲು ಬರುವುದಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ರಾಜ್ಯೋತ್ಸವದ ನವೆಂಬರಿನಲ್ಲಿ ತನ್ನ ಪ್ರಕಟಣೆಗಳಿಗೆ ಕೊಡುವ ರಿಯಾಯಿತಿಯ ಮುಂದೆ ಎಷ್ಟೋ ಇ-ಪುಸ್ತಕಗಳು ದುಬಾರಿ ಅನ್ನಿಸುತ್ತವೆ. ಕವಿತೆ, ಅಡಿಟಿಪ್ಪಣಿ ತುಂಬಿದ ಸಂಶೋಧನೆ, ಹಳಗನ್ನಡ ಕಾವ್ಯಕ್ಕೆ ವ್ಯಾಖ್ಯಾನ, ಇವನ್ನೆಲ್ಲ ಫೋನಿನಲ್ಲಿ ಓದುವುದು ಹಿಂಸೆ. ಸಾಲು ಎಲ್ಲೆಲ್ಲೋ ಮುರಿದು ಪದ್ಯ ಗದ್ಯವಾಗುತ್ತದೆ.

ಹೊರದೇಶದಲ್ಲಿರುವವರಿಗೆ ಲೆಕ್ಕ ತಿರುಗುಮುರುಗು. ಪುಸ್ತಕಕ್ಕಿಂತ ಅಂಚೆಯ ಖರ್ಚೇ ಹೆಚ್ಚಾಗುವಾಗ ಇ-ಪುಸ್ತಕ, ಆಡಿಯೋ ಪುಸ್ತಕವೇ ಗತಿ. ಗೂಗಲ್ ಪ್ಲೇಯಲ್ಲಿ ಕೊಳ್ಳುವವರು ಖಾತೆಯ ದೇಶ ಯಾವುದೆಂದು ನೋಡಿಕೊಳ್ಳಿ. ಅಲ್ಲಿ ಕಾಣುವ ಪುಸ್ತಕಗಳು ದೇಶಕ್ಕೆ ತಕ್ಕಂತೆ ಬದಲಾಗುತ್ತವೆ, ದೇಶ ಬದಲಿಸಲು ವರ್ಷಕ್ಕೆ ಒಂದೇ ಸಲ ಅವಕಾಶ. ಅಮೆರಿಕದಲ್ಲಿರುವವರಿಗೆ ಊರಿನ ಗ್ರಂಥಾಲಯದ ಕಾರ್ಡ್ ಇದ್ದರೆ ಲಿಬ್ಬಿ ಆ್ಯಪಿನಲ್ಲಿ ಇಂಗ್ಲಿಷ್ ಪುಸ್ತಕ ಉಚಿತ, ಹಲವನ್ನು ಕಿಂಡಲ್‌ಗೂ ಕಳಿಸಿಕೊಳ್ಳಬಹುದು. ಇಂಗ್ಲಿಷಿಗೆ ಉಳಿದ ದುಡ್ಡನ್ನು ಕನ್ನಡಕ್ಕೆ ಹಾಕಿ.

ಕೊಂಡದ್ದು ಕೈತಪ್ಪದಿರಲು

ಇ-ಪುಸ್ತಕ ಕೊಂಡೆವು ಅಂದರೆ ಕೊಂಡದ್ದು ಓದುವ ಪರವಾನಗಿ. ಅಂಗಡಿ ಮುಚ್ಚಿದರೆ ಏನು? ಫ್ಲಿಪ್‌ಕಾರ್ಟ್ 2015ರ ಕೊನೆಯಲ್ಲಿ ಇ-ಪುಸ್ತಕ ಮಾರುವುದನ್ನು ನಿಲ್ಲಿಸಿದಾಗ ಗ್ರಾಹಕರನ್ನು ಕೋಬೊ ಎಂಬ ಇನ್ನೊಂದು ಇ-ಪುಸ್ತಕದಂಗಡಿಯ ಕಡೆಗೆ ವರ್ಗಾಯಿಸಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಪುಸ್ತಕದಂಗಡಿ ಮುಚ್ಚಿದಾಗ ಹಣ ವಾಪಸ್ ಕೊಟ್ಟಿತು, ಪುಸ್ತಕಗಳು ಮಾತ್ರ ಮಾಯವಾದವು. ದೊಡ್ಡವರೇ ಹೀಗಾದ ಮೇಲೆ ಮತ್ತೆ ಮತ್ತೆ ಓದುವ, ಮಕ್ಕಳಿಗೆ ದಾಟಿಸಬೇಕಾದ ಪುಸ್ತಕವನ್ನು ಅಚ್ಚಿನಲ್ಲಿ ಕೊಳ್ಳಿ. ಒಂದು ಸಲ ಓದಿ ಬಿಡುವುದನ್ನು ಇ-ಪ್ರತಿಯಲ್ಲಿ ಕೊಳ್ಳಿ.

ನಿತ್ಯ ನಡೆಯುವ ನಷ್ಟ ಮಾತ್ರ ಇಷ್ಟು ದೊಡ್ಡದಲ್ಲ: ಮೊಬೈಲ್ ನಂಬರ್ ಬದಲಾಯಿಸಿ ಓಟಿಪಿ ಬಾರದೆ ಖಾತೆಯ ಹೊರಗೆ ನಿಲ್ಲುವುದು. ಖಾತೆ ತೆರೆಯುವಾಗ ನಂಬರಿನ ಜೊತೆ ಇಮೇಲನ್ನೂ ಸೇರಿಸಿ. ಒಂದು ಪುಸ್ತಕಕ್ಕೆ ಒಂದು ಇಮೇಲ್, ಇನ್ನೊಂದಕ್ಕೆ ಇನ್ನೊಂದು ಎಂದು ಮಾಡಬೇಡಿ. ಕೊಂಡ ರಸೀದಿಗಳು ಬರುವ ಇಮೇಲಿನಲ್ಲಿ ಒಂದು ಲೇಬಲ್ ಮಾಡಿ ಎಲ್ಲವನ್ನೂ ಅದರಲ್ಲಿಡಿ. ಫೋನ್ ಬದಲಿಸುವ ಮುನ್ನ ಹಳೆಯದರಲ್ಲಿ ಲಾಗೌಟ್ ಆಗಿ, ಹೊಸದರಲ್ಲಿ ಲಾಗಿನ್ ಆಗಿ ಪುಸ್ತಕಗಳನ್ನು ಮತ್ತೆ ಇಳಿಸಿಕೊಳ್ಳಿ. ಆ್ಯಪ್ ಅಳಿಸಿದರೆ ಇಳಿಸಿಟ್ಟ ಪ್ರತಿಯೂ ಹೋಗುತ್ತದೆ, ಆದ್ದರಿಂದ ರೈಲು ಹತ್ತುವ ಮುನ್ನ ಒಂದು ಸಲ ಏರೋಪ್ಲೇನ್ ಮೋಡ್ ಹಾಕಿ ಪುಸ್ತಕ ತೆರೆದು ನೋಡಿ. ಸಕಲೇಶಪುರ ದಾಟಿದ ಮೇಲೆ ಘಟ್ಟದಲ್ಲಿ ಸಿಗ್ನಲ್ ಹುಡುಕುತ್ತಾ ಕೂರುವುದು ತಪ್ಪುತ್ತದೆ.